ಬಾಯಿ ಚಪಲ ಯಾವಾಗ ಚಟವಾಗುತ್ತದೆ? ಹಂತ ಹಂತವಾಗಿ ಪತ್ತೆ ಮಾಡುವುದು ಹೇಗೆ

ಜುಲೈ ತಿಂಗಳು. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆ. ಮಳೆ ಹಿಡಿದು ಎಂಟು ದಿನ, ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಬಚ್ಚಲ ಒಲೆಯ ಮುಂದೆ ಕೂತು ನಾನು ಕ್ರೀಮ್ ಬಿಸ್ಕೆಟಿನ ಕವರ್ ಸುಡುತ್ತಿದ್ದೆ. ಒಂದಲ್ಲ, ನಾಲ್ಕು. ಹೊರಗಿನಿಂದ ಅತ್ತೆ ಕೇಳಿದರು: "ಎಂತ ವಾಸನೆ ಅದು? ಒಲೆಗೆ ಪ್ಲಾಸ್ಟಿಕ್ ಹಾಕಿದ್ಯಾ?"

"ಹಾಲಿನ ಕವರ್ ಅತ್ತೆ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಹೆದರಿಕೆಯಾಯಿತು. ಆ ಮಳೆಗಾಲದಿಂದ ನಾನು ಈ ವಿಷಯ ಓದಲು ಶುರು ಮಾಡಿದೆ. ಓದಿದ್ದು, ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಚಪಲ ಬೇರೆ, ಚಟ ಬೇರೆ ಅಂತ ತಿಳಿಯಿರಿ

ನಮ್ಮ ಭಾಷೆಯಲ್ಲೇ ಎರಡಕ್ಕೂ ಬೇರೆ ಬೇರೆ ಮಾತಿದೆ. ಬಾಯಿ ಚಪಲ ಅಂದರೆ ಆಸೆ. ತಿಂದರೆ ತೀರುತ್ತದೆ. ಮದುವೆ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಎರಡು ಸಲ ಹಾಕಿಸಿಕೊಂಡು, ಸಂಜೆವರೆಗೆ ಹೊಟ್ಟೆ ಸವರಿಕೊಂಡು ಕೂತರೆ ಅದು ಚಟ ಅಲ್ಲ. ಮಾರನೇ ದಿನ ಗಂಜಿ ಕುಡಿದು ಸರಿ ಹೋಗುತ್ತೀರಿ.

ಚಟದ ಲಕ್ಷಣ ಬೇರೆ. ಬೇಡ ಅಂದುಕೊಂಡೇ ತಿನ್ನುವುದು. ಎರಡು ಅಂತ ಶುರು ಮಾಡಿ ಪ್ಯಾಕೆಟ್ ಖಾಲಿ ಮಾಡುವುದು. ಹೊಟ್ಟೆ ತುಂಬಿದರೂ ಕೈ ನಿಲ್ಲದಿರುವುದು. ಶುಗರ್ ಇದೆ ಅಂತ ಗೊತ್ತಿದ್ದೂ, ಡಾಕ್ಟರ್ ಹೇಳಿದ್ದರೂ ಬಿಡಲಾಗದಿರುವುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ತಿನ್ನುವ ಚಟ’ ಅನ್ನುವುದು ಮನೋವೈದ್ಯರ ರೋಗಗಳ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ. ಥೆರಾನ್ ರಾಂಡಾಲ್ಫ್ ಅನ್ನುವ ಅಮೆರಿಕದ ವೈದ್ಯರು 1956ರಲ್ಲೇ ಈ ಮಾತು ಬಳಸಿದ್ದರು. ಇವತ್ತಿಗೂ ತಜ್ಞರಲ್ಲಿ ಒಮ್ಮತ ಇಲ್ಲ. ಪಟ್ಟಿಯಲ್ಲಿ ಇರುವುದು ಇದರ ನೆಂಟ: ಹಿಡಿತ ತಪ್ಪಿ ಒಂದೇ ಸಲಕ್ಕೆ ವಿಪರೀತ ತಿನ್ನುವ ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳ ಕಾಲ ಹೀಗಾಗುತ್ತಿದ್ದರೆ ಅದನ್ನು ಪರಿಗಣಿಸುತ್ತಾರೆ. ಹೆಸರಿನ ಜಗಳ ಅವರಿಗಿರಲಿ. ಕವರ್ ಸುಡುವವರಿಗೆ ಕಷ್ಟ ಅಂತೂ ನಿಜ.

ಹೆಜ್ಜೆ 2: ಯಾವ ತಿಂಡಿ ಅಂತ ಹೆಸರು ಹಿಡಿದು ಬರೆಯಿರಿ

"ನನಗೆ ತಿನ್ನುವ ಹುಚ್ಚು" ಅಂತ ಒಟ್ಟಾಗಿ ಹೇಳಬೇಡಿ. ಪಟ್ಟಿ ಮಾಡಿ. ಹುರುಳಿ ಸಾರು, ಸೌತೆಕಾಯಿ ಆ ಪಟ್ಟಿಯಲ್ಲಿ ಬರುವುದಿಲ್ಲ ನೋಡಿ. ಬರುವುದು ಚಿಪ್ಸ್, ಕೇಕ್, ಪಫ್ಸ್, ಚಾಕೊಲೇಟ್, ಐಸ್‌ಕ್ರೀಮ್, ಬಿಸ್ಕೆಟ್.

ಕಾರಣ ನಮ್ಮ ತೋಟದಲ್ಲೇ ಸಿಗುತ್ತದೆ. ಕಿತ್ತಳೆಯಲ್ಲಿ ಸಿಹಿ ಇದೆ, ಕೊಬ್ಬು ಇಲ್ಲ. ಹಂದಿ ಮಾಂಸದಲ್ಲಿ ಕೊಬ್ಬು ಇದೆ, ಸಕ್ಕರೆ ಇಲ್ಲ. ಎರಡೂ ಒಟ್ಟಿಗೆ, ಅದೂ ಜಾಸ್ತಿ ಜಾಸ್ತಿ ಇರುವ ವಸ್ತು ಮರದಲ್ಲೂ ಬಿಡುವುದಿಲ್ಲ, ಕೊಟ್ಟಿಗೆಯಲ್ಲೂ ಸಿಗುವುದಿಲ್ಲ. ಅದನ್ನು ಮನುಷ್ಯರೇ ಮಾಡಬೇಕು, ಹೆಚ್ಚಾಗಿ ಫ್ಯಾಕ್ಟರಿಯಲ್ಲಿ. ಅಗಿಯುವ ಕೆಲಸವೂ ಇರುವುದಿಲ್ಲ, ಬಾಯಲ್ಲಿಟ್ಟರೆ ಕರಗುತ್ತದೆ.

2019ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಎರಡು ವಾರ ಪ್ಯಾಕೆಟ್ ತರಹದ ಊಟ, ಎರಡು ವಾರ ಮಾಮೂಲಿ ಅಡುಗೆ. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಪ್ಯಾಕೆಟ್ ಊಟದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡು ವಾರದಲ್ಲಿ ತೂಕ ಸುಮಾರು 900 ಗ್ರಾಂ ಏರಿತು. ಮನೆಯಡುಗೆಯಂಥ ಊಟಕ್ಕೆ ಬಂದಾಗ ಅಷ್ಟೇ ಇಳಿಯಿತು.

ಹಾಗಾಗಿ ಪಂದಿ ಕರಿಯನ್ನು ಬೈಯುವವರ ಜೊತೆ ನನಗೆ ಜಗಳ. ಅದಕ್ಕೆ ಮಾಂಸ ತರಬೇಕು, ಮಸಾಲೆ ಹುರಿಯಬೇಕು, ಬೇಯುವ ತನಕ ಕಾಯಬೇಕು, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ) ಬಿಡಬೇಕು. ರಾತ್ರಿ ಹನ್ನೊಂದಕ್ಕೆ ಯಾರೂ ಎದ್ದು ಹೋಗಿ ಪಂದಿ ಕರಿ ಮಾಡಿಕೊಳ್ಳುವುದಿಲ್ಲ. ಬಿಸ್ಕೆಟ್ ಡಬ್ಬದ ಮುಚ್ಚಳ ತೆಗೆಯಲು ಎರಡು ಸೆಕೆಂಡ್ ಸಾಕು.

ಹೆಜ್ಜೆ 3: ನೀವು ಎಲ್ಲಿಗೆ ಬಂದು ನಿಂತಿದ್ದೀರಿ ನೋಡಿ

ಚಟ ಒಂದೇ ದಿನಕ್ಕೆ ಹತ್ತುವುದಿಲ್ಲ. ಕಾಫಿ ಗಿಡಕ್ಕೆ ಕಾಂಡಕೊರಕ ಹತ್ತಿದ ಹಾಗೆ. ಎಲೆ ಹಳದಿಯಾಗುವ ಹೊತ್ತಿಗೆ ಒಳಗೆ ಬಹಳ ಕೆಲಸ ಮುಗಿದಿರುತ್ತದೆ.

ಶುರುವಿನಲ್ಲಿ ಬರೀ ಇಷ್ಟ. ನನಗೆ ಅದು ಸಂಜೆ ನಾಲ್ಕೂವರೆಯ ಬಸ್ಸು. ಇಳಿದ ಕೂಡಲೇ ಎದುರಿಗೆ ಅಂಗಡಿ, ಒಂದು ಪ್ಯಾಕೆಟ್, ಮನೆಗೆ ನಡೆಯುವಾಗ ನಾಲ್ಕು ಬಿಸ್ಕೆಟ್. ಅಷ್ಟೇ.

ಆಮೇಲೆ ಅದು ಜಾಗಕ್ಕೆ, ಹೊತ್ತಿಗೆ ಅಂಟಿಕೊಂಡಿತು. ಇಲ್ಲೇ ಮಿದುಳಿನ ಕೆಲಸ ಶುರುವಾಗುವುದು. ಡೋಪಮಿನ್ ಅನ್ನುವ ರಾಸಾಯನಿಕವನ್ನು ಎಲ್ಲರೂ ‘ಖುಷಿಯ ರಾಸಾಯನಿಕ’ ಅಂತ ಬರೆಯುತ್ತಾರೆ. ಪೂರ್ತಿ ಸರಿಯಲ್ಲ. ಮೊದಮೊದಲು ಅದು ತಿಂಡಿ ಬಾಯಿಗೆ ಬಿದ್ದಾಗ ಚಿಮ್ಮುತ್ತದೆ. ಅಭ್ಯಾಸ ಆದ ಮೇಲೆ ತಿಂಡಿಯ ಸೂಚನೆ ಸಿಕ್ಕ ಕೂಡಲೇ ಚಿಮ್ಮುತ್ತದೆ. ಪ್ಯಾಕೆಟ್ಟಿನ ಚರಚರ ಸದ್ದು ಸಾಕು, ಬೇಕರಿಯ ಪರಿಮಳ ಸಾಕು. ನನಗಂತೂ ಬಸ್ಸಿನ ಬ್ರೇಕ್ ಸದ್ದಿಗೇ ಬಾಯಲ್ಲಿ ನೀರು ಬರುತ್ತಿತ್ತು. ಹಸಿವೆ ಇರಲಿಲ್ಲ, ಆಣೆಗೂ.

ಮೂರನೆಯದು ಲೆಕ್ಕ ಏರುವುದು. ನಾಲ್ಕು ಸಾಲದೆ ಎಂಟಾಯಿತು, ಎಂಟು ಹೋಗಿ ಪ್ಯಾಕೆಟ್ಟಾಯಿತು. ಅಷ್ಟು ತಿಂದರೂ ಮೊದಲಿನ ರುಚಿ ಇಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇದನ್ನೇ ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ: ಮಿದುಳಿನಲ್ಲಿ ‘ಇಷ್ಟ’ಕ್ಕೂ ‘ಬೇಕು’ ಅನ್ನುವುದಕ್ಕೂ ಬೇರೆ ಬೇರೆ ವ್ಯವಸ್ಥೆ ಇದೆ. ಚಟದಲ್ಲಿ ‘ಬೇಕು’ ಏರುತ್ತಲೇ ಹೋಗುತ್ತದೆ, ‘ಇಷ್ಟ’ ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ಕೊನೆಯ ನಾಲ್ಕು ಬಿಸ್ಕೆಟ್ ನಾನು ರುಚಿ ನೋಡಿ ತಿಂದಿದ್ದೇ ಇಲ್ಲ.

ನಾಲ್ಕನೆಯದು ಕದ್ದು ತಿನ್ನುವುದು. ನನ್ನ ಅನುಭವದಲ್ಲಿ ಗೆರೆ ದಾಟುವುದು ಇಲ್ಲೇ. ಅಕ್ಕಿ ಡಬ್ಬದ ಹಿಂದೆ ಇಡುವುದು, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಬರುವುದು, ಒಂದೇ ಅಂಗಡಿಯಲ್ಲಿ ದಿನಾ ತೆಗೆದುಕೊಂಡರೆ ಅಂಗಡಿಯವರು ಏನಂದುಕೊಳ್ಳುತ್ತಾರೋ ಅಂತ ಎರಡು ಅಂಗಡಿ ಹಂಚಿಕೊಳ್ಳುವುದು. ನಗಬೇಡಿ, ಮಾಡಿದ್ದೇನೆ.

ಆಮೇಲೆ ಉಯ್ಯಾಲೆ. "ನಾಳೆಯಿಂದ ಬಂದ್" ಅನ್ನುವುದು, ಎರಡು ದಿನ ಉಪವಾಸದ ಹಾಗಿರುವುದು. ಆಗ ಸಿಡುಕು, ತಲೆನೋವು, ಯಾವುದರಲ್ಲೂ ಮನಸ್ಸಿಲ್ಲ. ಮೂರನೇ ದಿನ ಮೊದಲಿಗಿಂತ ಜಾಸ್ತಿ ತಿಂದು ಅಳುವುದು. ಈ ಉಯ್ಯಾಲೆ ವರ್ಷಗಟ್ಟಲೆ ತೂಗಬಹುದು. ತೂಕ, ಶುಗರ್, ಬಿಪಿ, ಮಂಡಿ ನೋವು ಒಂದೊಂದಾಗಿ ಸೇರಿಕೊಳ್ಳುತ್ತವೆ. ತೂಕ ಏರಲೇಬೇಕು ಅಂತೇನಿಲ್ಲ. ತೆಳ್ಳಗಿದ್ದವರಲ್ಲೂ ಈ ಚಟ ಇರುತ್ತದೆ, ಅವರನ್ನು ಯಾರೂ ನಂಬುವುದಿಲ್ಲ ಅಷ್ಟೇ.

ಕಡೆಯ ಹಂತ ಎಷ್ಟು ಗಟ್ಟಿ ಅನ್ನುವುದಕ್ಕೆ 2010ರ ಒಂದು ಪ್ರಯೋಗ ನೋಡಿ. ಪಾಲ್ ಜಾನ್ಸನ್, ಪಾಲ್ ಕೆನ್ನಿ ಅನ್ನುವ ಇಬ್ಬರು ಫ್ಲೋರಿಡಾದಲ್ಲಿ ಇಲಿಗಳಿಗೆ ಕೇಕ್, ಚಾಕೊಲೇಟ್, ಸಾಸೇಜ್ ತರಹದ್ದನ್ನು ದಿನವಿಡೀ ಇಟ್ಟರು. ಇಲಿಗಳು ಊದಿಕೊಂಡವು. ಒಂದು ದೀಪ ಹತ್ತಿದರೆ ಕಾಲಿಗೆ ಶಾಕ್ ಹೊಡೆಯುತ್ತದೆ ಅಂತ ಅವಕ್ಕೆ ಕಲಿಸಿದರು. ಮಾಮೂಲಿ ಇಲಿಗಳು ದೀಪ ಕಂಡು ಹಿಂದೆ ಸರಿದವು. ಚಟ ಹತ್ತಿದವು ದೀಪ ಉರಿಯುತ್ತಿದ್ದರೂ ತಿಂದವು. ಆ ತಿಂಡಿ ತೆಗೆದು ಹಳೆಯ ಕಾಳು ಇಟ್ಟರೆ ಎಷ್ಟೋ ದಿನ ಸರಿಯಾಗಿ ಮುಟ್ಟಲೇ ಇಲ್ಲ. ಮನುಷ್ಯ ಇಲಿ ಅಲ್ಲ, ಒಪ್ಪಿದೆ. ಆದರೂ ಡಾಕ್ಟರ್ ಚೀಟಿ ಜೇಬಲ್ಲಿಟ್ಟುಕೊಂಡೇ ಬೇಕರಿಗೆ ಹೋಗುವವರನ್ನು ಕಂಡಾಗ ನನಗೆ ಆ ದೀಪ ನೆನಪಾಗುತ್ತದೆ.

ಹೆಜ್ಜೆ 4: ಒಂದು ವಾರ ನೋಟ್‌ಬುಕ್ ಇಡಿ

ತೋಟದಲ್ಲಿ ರೈಟರ್ ದಿನಾ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವ ಹಾಗೆ ಬರೆಯಿರಿ. ಏನು ತಿಂದೆ, ಎಷ್ಟು ಗಂಟೆಗೆ, ಎಲ್ಲಿ, ಜೊತೆಗೆ ಯಾರಿದ್ದರು, ಆಗ ಹಸಿವೆ ಇತ್ತಾ. ಒಂದು ವಾರ ಯಾವ ತಿಂಡಿಯನ್ನೂ ಬಿಡಲು ಹೋಗಬೇಡಿ, ಸುಮ್ನೆ ಬರೆಯಿರಿ.

ಯೇಲ್ ವಿಶ್ವವಿದ್ಯಾಲಯದಲ್ಲಿ ಆ್ಯಶ್ಲಿ ಗಿಯರ್‌ಹಾರ್ಟ್ ಮತ್ತು ಜೊತೆಗಾರರು 2009ರಲ್ಲಿ 25 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಹೆಂಡ, ಡ್ರಗ್ಸ್ ಚಟ ಗುರುತಿಸುವ ಮಾನದಂಡವನ್ನೇ ತಿಂಡಿಗೆ ಹೊಂದಿಸಿದ್ದರು. 2016ರಲ್ಲಿ ಅದರ ಹೊಸ ರೂಪ ಬಂತು. ಅದು ಕೇಳುವುದರ ಸಾರ ಇಷ್ಟು: ಕಳೆದ ಒಂದು ವರ್ಷದಲ್ಲಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಿಂದಿರಾ? ಬಿಡಲು ಹೋಗಿ ಸೋತಿರಾ? ತಿನ್ನುವುದಕ್ಕಾಗಿ ಕೆಲಸ, ನೆಂಟರ ಮನೆ ತಪ್ಪಿಸಿದಿರಾ? ಬಿಟ್ಟರೆ ಮೈ ಮನಸ್ಸು ಕೆಡುತ್ತದಾ? ತೊಂದರೆ ಗೊತ್ತಿದ್ದೂ ಮುಂದುವರಿಸಿದಿರಾ? ಇವುಗಳ ಜೊತೆ ಬದುಕಿಗೆ ಪೆಟ್ಟು ಬಿದ್ದಿದೆಯಾ ಅನ್ನುವುದು ಮುಖ್ಯ. ನಾಲ್ಕಾರಕ್ಕೆ ಹೌದು ಅಂದರೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಒಬ್ಬರಿಗೆ ತೋರಿಸುವ ಹೊತ್ತು ಬಂದಿದೆ ಅಂತ ತಿಳಿಯಿರಿ.

ಒಂದು ಎಚ್ಚರಿಕೆ. ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ವಿಪರೀತ ಹಸಿವು, ಬೆವರು, ಕೈ ನಡುಕ ಬಂದರೆ ಅದು ಚಟ ಅಲ್ಲ, ಶುಗರ್ ಇಳಿದಿರಬಹುದು. ಆಗ ನೋಟ್‌ಬುಕ್ ಹುಡುಕಬೇಡಿ, ಕೂಡಲೇ ಸಕ್ಕರೆ ತಿನ್ನಿ. ಸ್ಟೆರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳಿಂದಲೂ ಹಸಿವು ಜಾಸ್ತಿಯಾಗುತ್ತದೆ. ಆ ಮಾತ್ರೆಗಳನ್ನು ಡಾಕ್ಟರಿಗೆ ಕೇಳದೆ ನಿಲ್ಲಿಸಬೇಡಿ.

ಹೆಜ್ಜೆ 5: ಬಾಯಿ ಕಟ್ಟಬೇಡಿ

ಹಿರಿಯರು ಕೊಡುವ ಒಂದೇ ಸಲಹೆ: "ಬಾಯಿ ಕಟ್ಟು." ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಬೆಳಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಒಂದು ಹಿಡಿ ಅನ್ನ ತಿಂದವರೇ ಸಂಜೆ ಅಂಗಡಿ ಮುಂದೆ ಸೋಲುವುದು. ಮೂರು ಹೊತ್ತು ಸರಿಯಾಗಿ ತಿನ್ನಿ. ಬೆಳಗ್ಗೆ ಅಕ್ಕಿ ಒಟ್ಟಿ (ರೊಟ್ಟಿ) ಇದ್ದರೆ ಜೊತೆಗೆ ಕಾಳಿನ ಪಲ್ಯ, ಇಲ್ಲಾ ಮೊಟ್ಟೆ. ಸಂಜೆ ನಾಲ್ಕಕ್ಕೆ ಬೇಯಿಸಿದ ಕಡಲೆಯೋ ಬಾಳೆಹಣ್ಣೋ ಇರಲಿ.

ನಿದ್ದೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ನಿದ್ದೆ ಕೆಟ್ಟರೆ ಹಸಿವು ಹುಟ್ಟಿಸುವ ಹಾರ್ಮೋನ್ ಏರುತ್ತದೆ, ಸಾಕು ಅನ್ನಿಸುವ ಹಾರ್ಮೋನ್ ಇಳಿಯುತ್ತದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ.

ಇನ್ನು ನಮ್ಮ ಬೆಲ್ಲದ ಕಾಫಿ. ಬೆಲ್ಲ ಆದರೆ ಲೆಕ್ಕಕ್ಕಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ, ಅಲ್ವಾ? ದೇಹಕ್ಕೆ ಅದೂ ಸಕ್ಕರೆಯೇ. ಹೀಗೆ ಮೇಲಿಂದ ಸೇರಿಸಿದ ಸಿಹಿ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಹೇಳುತ್ತಿದೆ. ಮಳೆಗಾಲದಲ್ಲಿ ನಮ್ಮ ಮನೆಯ ನಾಲ್ಕು ಲೋಟ ಕಾಫಿಯಲ್ಲೇ ಅದು ಮುಗಿದು ಹೋಗುತ್ತದೆ.

ಹೆಜ್ಜೆ 6: ದಾರಿ ಬದಲಿಸಿ

ಚಟ ಸೂಚನೆಗೆ ಅಂಟಿಕೊಂಡಿರುವುದರಿಂದ ಸೂಚನೆಯನ್ನೇ ತಪ್ಪಿಸಿ. ನಾನು ಒಂದು ಸ್ಟಾಪ್ ಮೊದಲೇ ಇಳಿದು ತೋಟದ ಒಳದಾರಿಯಲ್ಲಿ ನಡೆಯಲು ಶುರು ಮಾಡಿದೆ. ಜಿಗಣೆ ಕಾಟ ಇತ್ತು, ಬಿಸ್ಕೆಟ್ ಅಂಗಡಿ ಇರಲಿಲ್ಲ. ಮನೆಯಲ್ಲಿ ಡಬ್ಬ ಇಡುವುದು ನಿಲ್ಲಿಸಿದೆವು. ಮಕ್ಕಳಿಗೆ ಬೇಕಾದರೆ ಮಡಿಕೇರಿಗೆ ಹೋದಾಗ ಅಲ್ಲೇ ಕೊಡಿಸಿ, ಅಲ್ಲೇ ತಿಂದು ಬರುವುದು. ಅಂದ ಹಾಗೆ, ಹೋಮ್‌ಮೇಡ್ ಚಾಕೊಲೇಟ್ ಬೋರ್ಡಿನ ಮುಂದೆ ಪ್ರವಾಸಿಗರು ವರ್ಷಕ್ಕೊಮ್ಮೆ ಹೋಗುತ್ತಾರೆ. ನಾವು ದಿನಾ ಹಾದು ಹೋಗುತ್ತೇವೆ. ಕಷ್ಟ ನಮ್ಮದು.

ಆಸೆ ಎದ್ದಾಗ ಅದರ ಜೊತೆ ವಾದಕ್ಕೆ ಇಳಿಯಬೇಡಿ. ಅದು ಏರುತ್ತದೆ, ಒಂದು ಹಂತದಲ್ಲಿ ತಾನೇ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ ಕೆಲಸ ಬೇಕು. ಮೆಣಸು ಆರಿಸುವುದು, ಯಾರಿಗಾದರೂ ಫೋನ್ ಮಾಡುವುದು, ಏನಾದರೂ ಸರಿ.

ಹೆಜ್ಜೆ 7: ಒಬ್ಬರಿಗೆ ಹೇಳಿ

ತಿಂದು ವಾಂತಿ ಮಾಡಿಕೊಳ್ಳುತ್ತಿದ್ದರೆ, ದಿನಗಟ್ಟಲೆ ಉಪವಾಸ ಬೀಳುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಮೇಲಿನ ಹೆಜ್ಜೆಗಳನ್ನೆಲ್ಲ ಬಿಟ್ಟು ನೇರ ಇಲ್ಲಿಗೆ ಬನ್ನಿ. ಟೆಲಿ ಮಾನಸ್ ಸಹಾಯವಾಣಿ 14416. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. "ನನಗೆ ಹಿಡಿತ ಇಲ್ಲ" ಅನ್ನುವುದಕ್ಕಿಂತ "ಮಂಗಳವಾರ ಸಂಜೆ ಐದಕ್ಕೆ, ಒಬ್ಬಳೇ, ಎರಡು ಪ್ಯಾಕೆಟ್" ಅನ್ನುವುದು ಅವರಿಗೆ ಬೇಗ ಅರ್ಥವಾಗುತ್ತದೆ.

ಮನೆಯವರಿಗೆ ಒಂದೇ ಕೋರಿಕೆ: ತಟ್ಟೆ ನೋಡಿ ಲೆಕ್ಕ ಹಾಕಬೇಡಿ. ಲೆಕ್ಕ ಹಾಕಿದಷ್ಟೂ ಅವರು ಕದ್ದು ತಿನ್ನುತ್ತಾರೆ.

ಕಳೆದ ಕಕ್ಕಡ ತಿಂಗಳ ಮಳೆಯಲ್ಲಿ ನಾನು ಮತ್ತೆ ಜಾರಿದೆ, ಮೂರು ದಿನ. ನಾಲ್ಕನೇ ದಿನ ಒಲೆ ಮುಂದೆ ಕೂತ ಅತ್ತೆಗೆ ಹೇಳಿಯೇಬಿಟ್ಟೆ. ಅವರು ಕೊಳ್ಳಿ ಮುಂದಕ್ಕೆ ತಳ್ಳುತ್ತಾ "ಹಾಲಿನ ಕವರ್‌ಗೆ ಅಷ್ಟು ಬಣ್ಣ ಎಲ್ಲಿರ್ತದೆ ಮಗಾ, ಆವತ್ತೇ ಗೊತ್ತಾಯ್ತು ನಂಗೆ" ಅಂದರು.