ಸಿಇಟಿಗೆ ಓದುವುದರ ಜೊತೆಗೆ ಮಾಡಿಟ್ಟ ಕಾಗದದ ಕೆಲಸ

ಪಿಯುಸಿ ಮಕ್ಕಳಿಗೆ ಎಲ್ಲರೂ ಹೇಳುವ ಮಾತು ಒಂದೇ. "ಮಾರ್ಕ್ಸ್ ತೆಗಿ, ಸೀಟು ತಾನಾಗೇ ಬರುತ್ತೆ." ಇದು ಅರ್ಧ ನಿಜ. ಕಾಗದ ಸರಿ ಇಲ್ಲದಿದ್ದರೆ ಮೀಸಲಾತಿಯ ಸೀಟು ಕೈಗೆ ಸಿಗುವುದಿಲ್ಲ. ನಾನು ಮಳವಳ್ಳಿ ಕಡೆಯ ಹಳ್ಳಿಯವಳು. ಪಿಯುಸಿ ಓದಿದ್ದು ಮಂಡ್ಯದಲ್ಲಿ, ಈಗ ಮಂಡ್ಯದ್ದೇ ಕೃಷಿ ಕಾಲೇಜು ವಿ.ಸಿ. ಫಾರಂನಲ್ಲಿ ಬಿಎಸ್ಸಿ ಕೃಷಿ ಓದುತ್ತಿದ್ದೇನೆ. ಕಾಗದದ ಕೆಲಸವನ್ನು ಮೊದಲ ಪಿಯುನಲ್ಲೇ ಶುರು ಮಾಡಿದ್ದೆ.

"ಓದೋದ್ ಬುಟ್ಟು ಇದ್ಯಾನವ್ವ ಆಪೀಸ್ ಅಲಿಯೋದು?" ಅಂತ ಅಪ್ಪ ಗೊಣಗುತ್ತಿದ್ದರು. ಆದರೆ ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ ಆಸುಪಾಸಿನಲ್ಲಿ ಶುರುವಾಗುತ್ತದೆ. ಆಗ ಪ್ರಾಕ್ಟಿಕಲ್, ಪ್ರಿಪರೇಟರಿ ಎಲ್ಲ ಒಟ್ಟಿಗೆ ತಲೆ ಮೇಲೆ ಇರುತ್ತವೆ. ಪರೀಕ್ಷೆ ಮುಗಿಸಿ ಬಿಡುವಾದಾಗ ಹಳ್ಳಿ ಶಾಲೆಗೆ ಬೇಸಿಗೆ ರಜೆ. ಹೆಡ್‌ಮಾಸ್ಟರ್ ಇರುವುದಿಲ್ಲ.

ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮದ್ದು 5%. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ನಡುವೆ ಒಂದು ವರ್ಷ ಪಟ್ಟಣದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಕೋಟಾ ಸಿಗುವುದಿಲ್ಲ. ನಾನು ಓದಿದ್ದು ಬೇರೆ ಬೇರೆ ಶಾಲೆಗಳಲ್ಲಿ. ಹಾಗಾಗಿ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಇದನ್ನೆಲ್ಲ ಶಾಲೆ ತೆರೆದಿದ್ದಾಗಲೇ ಮುಗಿಸಿದೆ.

ಆಮೇಲೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಕೊನೆಗೆ ಇತ್ತು, ಆಧಾರ್‌ನಲ್ಲಿ ಮೊದಲಿಗೆ. ಅಂಕಪಟ್ಟಿಯನ್ನೇ ಮೂಲ ಅಂತ ಇಟ್ಟುಕೊಂಡು ಮೊದಲು ಆಧಾರ್ ಸರಿ ಮಾಡಿಸಿದೆ. ನಂತರವೇ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದು. ಸಿಇಟಿ ಅರ್ಜಿಯಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಕೊಡಬೇಕು. ಹೆಸರು ತಾಳೆಯಾಗದಿದ್ದರೆ ಕೊನೆ ಗಳಿಗೆಯಲ್ಲಿ ಮತ್ತೆ ನಾಡಕಚೇರಿ ಬಾಗಿಲು ಕಾಯಬೇಕು.

ಮೊಬೈಲ್ ನಂಬರ್ ವಿಷಯ ಸಣ್ಣದು ಅನಿಸುತ್ತದೆ, ಅಲ್ಲ. ಸೈಬರ್ ಸೆಂಟರ್‌ನವರು ಕೆಲಸ ಬೇಗ ಆಗಲಿ ಅಂತ ತಮ್ಮ ನಂಬರ್ ಹಾಕಿಬಿಡುತ್ತಾರೆ. ಆಮೇಲೆ ಪ್ರತಿ ಒಟಿಪಿಗೂ ಅವರ ಅಂಗಡಿಗೇ ಓಡಬೇಕು. ನಾನು ಅಪ್ಪನ ನಂಬರ್ ಕೊಟ್ಟೆ. ಪಾಸ್‌ವರ್ಡ್ ನನ್ನ ನೋಟ್‌ಬುಕ್ಕಿನಲ್ಲೇ ಬರೆದಿಟ್ಟುಕೊಂಡೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಕೃಷಿಕರ ಕೋಟಾ, ಅಂದರೆ ಕೃಷಿ ಕೋರ್ಸಿನಲ್ಲಿ ರೈತರ ಮಕ್ಕಳಿಗಿರುವ ಸೀಟು. ನಮ್ಮ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇತ್ತು, ವಂಶವೃಕ್ಷ ಮಾಡಿಸಬೇಕಾಯಿತು. ಕಾಗದದ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಕಳೆ, ಸಲಕರಣೆಗಳನ್ನು ಗುರುತಿಸಬೇಕು. ರೈತರ ಮಕ್ಕಳಿಗೆ ಇದೇನು ಮಹಾ ಅನ್ನುವವರಿದ್ದಾರೆ. ನಮ್ಮೂರು ನಾಲೆ ನೀರಿನ ಊರು. ಭತ್ತ, ಕಬ್ಬು, ರಾಗಿ ಬಿಟ್ಟರೆ ನನಗೆ ಗೊತ್ತಿದ್ದುದು ಕಡಿಮೆಯೇ. ಅವ್ವನ ಡಬ್ಬಗಳಿಂದ ಹುರುಳಿ, ಅಲಸಂದೆ, ಹುಚ್ಚೆಳ್ಳು ತೆಗೆದು ಚಿಕ್ಕ ಕವರ್‌ಗಳಲ್ಲಿ ಹಾಕಿಕೊಂಡೆ. ನವಣೆ, ಸಾಮೆ, ಹತ್ತಿ, ಸೂರ್ಯಕಾಂತಿ ಬೀಜಗಳನ್ನು ಮಂಡ್ಯದ ಬೀಜದ ಅಂಗಡಿಯಲ್ಲಿ ಒಂದೊಂದು ಹಿಡಿ ಕೇಳಿ ತಂದೆ. ನವಣೆ, ಸಾಮೆ ಪಕ್ಕಪಕ್ಕ ಇಟ್ಟು ನೋಡದೆ ವ್ಯತ್ಯಾಸ ಹಿಡಿಯುವುದು ಕಷ್ಟ. ಯೂರಿಯಾ ಬಿಳಿ ಹರಳು, ಪೊಟ್ಯಾಷ್ ಸಾಮಾನ್ಯವಾಗಿ ಕೆಂಪು, ಡಿಎಪಿ ಕಾಳುಕಾಳು. ಇವನ್ನೂ ಪೊಟ್ಟಣ ಕಟ್ಟಿಟ್ಟೆ. ಸಂಜೆ ತಮ್ಮ ಒಂದೊಂದೇ ಬಿಚ್ಚಿ ಕೇಳುತ್ತಿದ್ದ. ಕುಂಟೆ, ಕೂರಿಗೆ, ಹಲುಬೆಯನ್ನು ತಾತನೇ ಅಟ್ಟದಿಂದ ಇಳಿಸಿ ತೋರಿಸಿದರು.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಹಾಕುವಾಗ, ಬಹಳ ಜನ ತಮಗೆ ಸಿಗಬಹುದಾದ ಕಾಲೇಜನ್ನು ಮೇಲೆ ಹಾಕುತ್ತಾರೆ. ಹಾಗೆ ಮಾಡಬಾರದು ಅಂತ ನನ್ನ ಅಭಿಪ್ರಾಯ. ಹಂಚಿಕೆ ಪಟ್ಟಿಯನ್ನು ಮೇಲಿನಿಂದಲೇ ನೋಡುತ್ತಾ ಬರುತ್ತದೆ. ಸಿಗದಿದ್ದರೆ ಕೆಳಗಿನದಕ್ಕೆ ಇಳಿಯುತ್ತದೆ, ಅದರಿಂದ ನಷ್ಟವೇನೂ ಇಲ್ಲ. ಮೇಲಿನದು ಸಿಕ್ಕರೆ ಮಾತ್ರ ಕೆಳಗಿನವೆಲ್ಲ ಹೋದವು. ನಾನು ಮೊದಲು ವಿ.ಸಿ. ಫಾರಂ ಹಾಕಿದೆ, ನಂತರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಹಾಸನದ ಕೃಷಿ ಕಾಲೇಜು. ಎಂಜಿನಿಯರಿಂಗೂ ಅದೇ ಪಟ್ಟಿಯಲ್ಲಿ ಸೇರಿಸಬಹುದು, ಹಾಗಾಗಿ ಕೊನೆಗೆ ಮಂಡ್ಯದ ಪಿಇಎಸ್, ಮೈಸೂರಿನ ಎನ್‌ಐಇ. ಜಿಕೆವಿಕೆ ಬಿಟ್ಟು ಮಂಡ್ಯ ಯಾಕೆ ಮೇಲೆ ಅಂತ ಲೆಕ್ಚರರ್ ಕೇಳಿದರು. ಇಂಡಾಫ್ ರಾಗಿ ತಳಿಗಳು ಹುಟ್ಟಿದ್ದು ವಿ.ಸಿ. ಫಾರಂನಲ್ಲಿ, ನನಗೆ ರಾಗಿ ಮೇಲೆ ಆಸೆ. ಮನೆ ಊಟವೂ ಸಿಗುತ್ತದಲ್ಲ!

ಮಾಕ್ ಹಂಚಿಕೆಯಲ್ಲಿ, ಅಂದರೆ ನಿಜವಾದ ಹಂಚಿಕೆಗೆ ಮೊದಲು ತೋರಿಸುವ ಅಣಕು ಹಂಚಿಕೆಯಲ್ಲಿ, ಹಾಸನ ಬಂತು. ಅದನ್ನು ನೋಡಿ ಗಾಬರಿಯಾಗಿ ಪಟ್ಟಿ ಕಲಸುವವರಿದ್ದಾರೆ. ನಾನು ಮುಟ್ಟಲಿಲ್ಲ. ಮೊದಲ ಸುತ್ತಿನಲ್ಲೂ ಹಾಸನವೇ. ಆಗ ಚಾಯ್ಸ್ 2 ಒತ್ತಿದೆ. ಅಂದರೆ ಈ ಸೀಟು ಒಪ್ಪಿಗೆ, ಆದರೆ ಇನ್ನೂ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಇರುತ್ತೇನೆ ಅಂತ. ಚಾಯ್ಸ್ 1 ಒತ್ತಿದರೆ ಅಲ್ಲಿಗೆ ಮುಗಿಯಿತು, ಸೇರಿಕೊಳ್ಳಬೇಕು. ಮುಂದಿನ ಸುತ್ತಿನಲ್ಲಿ ಮಂಡ್ಯ ಸಿಕ್ಕಿತು.

ಕಾಲೇಜಿಗೆ ಒರಿಜಿನಲ್ ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಜಿರಾಕ್ಸ್ ಒಂದು ಕಟ್ಟು ಮನೆಯಲ್ಲಿಡಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಅದೇ ಆರ್‌ಡಿ ನಂಬರ್ ಮತ್ತೆ ಕೇಳುತ್ತಾರೆ.