ಗುದ್ದಿದ ಕಾರು ಗ್ಯಾರೇಜಿಗೆ ಹೋಗುವ ಮೊದಲು ರೆಕಾರ್ಡ್ ಉಳಿಸಿಕೊಳ್ಳಿ

ಸಕಲೇಶಪುರ ದಾಟಿ ಶಿರಾಡಿಯಲ್ಲೋ, ಕೊಟ್ಟಿಗೆಹಾರದ ಕೆಳಗೆ ಚಾರ್ಮಾಡಿಯ ತಿರುವಿನಲ್ಲೋ ಮಂಜಿನಲ್ಲಿ ಎರಡು ಗಾಡಿ ಮುಖಾಮುಖಿ ಗುದ್ದಿದರೆ ಇಬ್ಬರೂ ಹೇಳುವುದು ಒಂದೇ: "ನಾನು ನನ್ನ ಸೈಡಲ್ಲೇ ಇದ್ದೆ." ನೋಡಿದವರು ಸಿಗುವುದು ಕಷ್ಟ, ಸಿಕ್ಕರೂ ಕೋರ್ಟಿಗೆ ಬರಲು ಹಿಂಜರಿಯುತ್ತಾರೆ. ಅಂಥ ಕಡೆ ಗಾಡಿಯಲ್ಲಿರುವ ರೆಕಾರ್ಡೇ ಗತಿ. ಅದು ಬೇಗ ಅಳಿಸಿಹೋಗುತ್ತದೆ ಅನ್ನೋದೇ ತೊಂದರೆ.

ಗಾಯಗೊಂಡವರನ್ನು ಆಸ್ಪತ್ರೆಗೆ ಕಳಿಸಿ, 112ಕ್ಕೆ ಫೋನ್ ಮಾಡಿ. ಆಮೇಲೆ ಡ್ಯಾಶ್‌ಕ್ಯಾಮ್ (ಮುಂದಿನ ಗಾಜಿನ ಹತ್ತಿರ ಕೂರಿಸಿ ರಸ್ತೆ ಚಿತ್ರೀಕರಿಸುವ ಕ್ಯಾಮೆರಾ) ಆಫ್ ಮಾಡಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಈ ಕ್ಯಾಮೆರಾಗಳು ಕೆಲವೇ ನಿಮಿಷದ ತುಂಡುಗಳಾಗಿ ರೆಕಾರ್ಡ್ ಮಾಡುತ್ತವೆ, ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತವೆ. ಜೋರಾಗಿ ಗುದ್ದಿದಾಗ ಆ ತುಂಡನ್ನು ತಾನೇ ಲಾಕ್ ಮಾಡುವ ಸೌಲಭ್ಯ ಸಾಕಷ್ಟು ಮಾಡೆಲ್‌ಗಳಲ್ಲಿದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಆಫ್ ಮಾಡುವ ಮೊದಲು ಕ್ಯಾಮೆರಾ ತೋರಿಸುವ ಸಮಯ ಮತ್ತು ಮೊಬೈಲಿನ ಸಮಯ ಎರಡೂ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ಕ್ಯಾಮೆರಾ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಎದುರಿನ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ.

ವೀಡಿಯೊ ಕತ್ತರಿಸಬೇಡಿ, ಪೂರ್ತಿ ಫೈಲನ್ನೇ ಪೆನ್‌ಡ್ರೈವಿಗೆ ಕಾಪಿ ಮಾಡಿ. ವಾಟ್ಸಾಪಿನಲ್ಲಿ ಮನೆಯವರಿಗೆ ಕಳಿಸಿದ್ದನ್ನು ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ. ಅದು ಕುಗ್ಗಿದ ಪ್ರತಿ, ಮೂಲ ಫೈಲ್ ಅಲ್ಲ. ಪೊಲೀಸರು ಕಾರ್ಡ್ ತೆಗೆದುಕೊಂಡರೆ ಕೊಡಿ, ಆದರೆ ಮಹಜರಿನಲ್ಲಿ ಅದು ಬರೆದಿದೆಯಾ ನೋಡಿ.

ಇನ್ನೊಂದು ರೆಕಾರ್ಡ್ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಗುದ್ದುವ ಮೊದಲಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದು, ಸೀಟ್ ಬೆಲ್ಟ್ ಹಾಕಿದ್ದು ಎಲ್ಲ ಉಳಿಸಿಕೊಳ್ಳುತ್ತದೆ. ನಮ್ಮಲ್ಲಿ ಎಲ್ಲ ಕಾರಿನಲ್ಲೂ ಇದಿಲ್ಲ, ಕಂಪನಿಗೆ ಬರವಣಿಗೆಯಲ್ಲೇ ಕೇಳಿ. ಏರ್‌ಬ್ಯಾಗ್ ತೆರೆದಿದ್ದರೆ ಸಾಮಾನ್ಯವಾಗಿ ದಾಖಲೆ ಲಾಕ್ ಆಗಿರುತ್ತದೆ, ತೆರೆಯದಿದ್ದರೆ ಮುಂದಿನ ಗುದ್ದಿನಲ್ಲಿ ಅಳಿಸಬಹುದು. ಗ್ಯಾರೇಜಿನ ಮಾಮೂಲಿ ಸ್ಕ್ಯಾನರಿನಲ್ಲಿ ಇದು ಓದಲು ಬರುವುದಿಲ್ಲ, ಬೇರೆ ಸಲಕರಣೆ ಬೇಕು. ಮೆಕ್ಯಾನಿಕ್ ಹಳೇ ಪೆಟ್ಟಿಗೆ ಕಿತ್ತು ಹೊಸದು ಹಾಕಿದರೆ, ಅಥವಾ ಇನ್ಶೂರೆನ್ಸಿನವರು ಪೂರ್ತಿ ಹಾಳು ಅಂತ ಬರೆದು ಗಾಡಿ ಗುಜರಿಗೆ ಹೋದರೆ, ಕಥೆ ಮುಗಿಯಿತು. ಹಾಗಾಗಿ ಆ ಪೆಟ್ಟಿಗೆ ಮುಟ್ಟಬೇಡಿ ಅಂತ ಗ್ಯಾರೇಜಿಗೂ ಇನ್ಶೂರೆನ್ಸಿಗೂ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತು ಯಾರಿಗೂ ನೆನಪಿರಲ್ಲ.

ಎದುರಿನ ಗಾಡಿ ಬಸ್ಸೋ ಟ್ಯಾಕ್ಸಿಯೋ ಆಗಿದ್ದರೆ ಅದರ ಜಿಪಿಎಸ್ ದಾಖಲೆ ಅವರ ಕಡೆ ಇರುತ್ತದೆ. ಉಳಿಸಿಡಿ ಅಂತ ಅವರಿಗೂ ಪತ್ರ ಹಾಕಿ. ಸರ್ಕಾರಿ ಬಸ್ಸಾದರೆ ಆರ್‌ಟಿಐ ಅರ್ಜಿಯೂ ಹಾಕಬಹುದು. ಕೊಡದಿದ್ದರೆ ದಾಖಲೆ ತರಿಸುವ ಅಧಿಕಾರ ಅಪಘಾತ ಪರಿಹಾರದ ಅರ್ಜಿ ವಿಚಾರಿಸುವ ನ್ಯಾಯಮಂಡಳಿಗೆ ಮೋಟಾರು ವಾಹನ ಕಾಯ್ದೆಯ 169ನೇ ಕಲಮಿನಲ್ಲಿದೆ. ಆದರೆ ಘಾಟಿಯ ಗುಡ್ಡ, ಮರಗಳ ನಡುವೆ ಜಿಪಿಎಸ್ ವೇಗ ಆಚೀಚೆ ಆಗುತ್ತದೆ. ಅದೊಂದನ್ನೇ ನಂಬದೆ ಸ್ಥಳ ಮಹಜರು, ಗಾಡಿ ಪರೀಕ್ಷಿಸುವ ಬ್ರೇಕ್ ಇನ್‌ಸ್ಪೆಕ್ಟರ್ ವರದಿ ಜೊತೆ ಇಟ್ಟು ನೋಡಿ.

ಕೋರ್ಟಿನಲ್ಲಿ ವೀಡಿಯೊ ಹಾಕಿಬಿಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಕಾಪಿ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ಸಾಧನ ಇಟ್ಟುಕೊಂಡವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಷ್ ಸಂಖ್ಯೆಯನ್ನೂ (ಫೈಲಿನಿಂದ ಕಂಪ್ಯೂಟರ್ ಲೆಕ್ಕಹಾಕಿ ಕೊಡುವ, ಅದರ ಬೆರಳಚ್ಚಿನಂಥ ಗುರುತು) ಬರೆಯಬೇಕು. ಫೈಲಿನಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ, ಅದಕ್ಕೇ ಕತ್ತರಿಸಬೇಡಿ ಅಂದಿದ್ದು.

ರೆಕಾರ್ಡ್ ನಿಮ್ಮ ವಿರುದ್ಧವೂ ಮಾತಾಡಬಹುದು. ತಿರುವಿನಲ್ಲಿ ನೀವೇ 80ರಲ್ಲಿ ಇದ್ದಿರಿ ಅಂತ ಕಂಡರೆ ನಿಮ್ಮ ತಪ್ಪಿನ ಪಾಲಿನಷ್ಟು ಪರಿಹಾರ ಕಡಿಮೆಯಾಗುತ್ತದೆ. ಹಾಗಂತ ಅಳಿಸಲು ಹೋಗಬೇಡಿ, ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಮೊದಲು ವಕೀಲರಿಗೆ ತೋರಿಸಿ.

ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರದ ಅರ್ಜಿಗೆ ಬರೆದಿರುವ ಗಡುವು 6 ತಿಂಗಳು. ಘಾಟಿಯ ಕೆಳಭಾಗ ದಕ್ಷಿಣ ಕನ್ನಡಕ್ಕೆ ಸೇರುವುದರಿಂದ ಎಫ್‌ಐಆರ್ ಅಲ್ಲಿ ಆದರೂ, ನೀವು ಹಾಸನದಲ್ಲಿ ವಾಸವಿದ್ದರೆ ಹಾಸನದಲ್ಲೇ ಅರ್ಜಿ ಹಾಕಬಹುದು. ಸುಮ್ನೆ ಪ್ರತಿ ತಾರೀಖಿಗೂ ಘಾಟಿ ಇಳಿದು ಹತ್ತಬೇಕಿಲ್ಲ.