ಟರ್ಮಿನಲ್‌ನಲ್ಲಿ ಕೋರಿಕೆ, ಫೋನಿನಲ್ಲಿ ಸಹಿ: ಜಂಟಿ ಸಹಿಯ ಕ್ರಿಪ್ಟೊ ಖಾತೆ ತೆರೆಯುವ ಬಗೆ

ಸಹಕಾರ ಸಂಘದ ಚೆಕ್ಕಿಗೆ ಅಧ್ಯಕ್ಷರೂ ಕಾರ್ಯದರ್ಶಿಯೂ ಸಹಿ ಹಾಕಿದ ಹೊರತು ಬ್ಯಾಂಕು ಹಣ ಕೊಡುವುದಿಲ್ಲ. ಈಥರ್ ಎಂಬ ಕ್ರಿಪ್ಟೊ ಹಣ ಓಡಾಡುವ ಇಥೀರಿಯಮ್ ಬ್ಲಾಕ್‌ಚೈನ್‌ನ (ಹಲವು ಕಂಪ್ಯೂಟರುಗಳು ಸೇರಿ ಕಾಯುವ ಲೆಕ್ಕಪುಸ್ತಕ) ಸಾಮಾನ್ಯ ಖಾತೆಗೆ ಇಂತಹ ಕಟ್ಟುಪಾಡು ಇಲ್ಲ; ಸಹಿ ಹಾಕುವ ಗುಟ್ಟಿನ ಸಂಖ್ಯೆಯಾದ ಖಾಸಗಿ ಕೀ ಯಾರ ಕೈಯಲ್ಲಿದೆಯೋ ಅವರೇ ಅದರ ಒಡೆಯರು. ಸ್ಮಾರ್ಟ್ ಖಾತೆಯೆಂದರೆ ಬ್ಲಾಕ್‌ಚೈನ್‌ನ ಮೇಲೆಯೇ ಇರುವ ಒಂದು ಪುಟ್ಟ ಪ್ರೋಗ್ರಾಮ್ ಆದ್ದರಿಂದ, ಎಷ್ಟು ಸಹಿ ಬಿದ್ದರೆ ಹಣ ಹೊರಡಬೇಕು ಎಂಬ ನಿಯಮವನ್ನು ಅದರೊಳಗೇ ಬರೆದಿಡಬಹುದು. 2022ರವರೆಗೆ ನೋಸಿಸ್ ಸೇಫ್ ಎಂಬ ಹೆಸರಿನಲ್ಲಿದ್ದು ಈಗ ಬರಿದೇ ಸೇಫ್ ಎನಿಸಿಕೊಂಡಿರುವ ವ್ಯವಸ್ಥೆಯನ್ನು ಬಳಸಿ, ಲ್ಯಾಪ್‌ಟಾಪಿನ ಕಮಾಂಡ್ ಲೈನಿನಿಂದ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಿಂದ, ಕೋರಿಕೆ ಹೊರಟು ಮೊಬೈಲಿನಲ್ಲಿ ಒಪ್ಪಿಗೆ ಪಡೆಯುವ ಖಾತೆಯನ್ನು ಕಟ್ಟುವುದು ಹೇಗೆಂದು ನೋಡೋಣ. ಅಭ್ಯಾಸವೆಲ್ಲ ಪ್ರಯೋಗಕ್ಕೆಂದೇ ಇರುವ ಸೆಪೋಲಿಯ ಎಂಬ ಟೆಸ್ಟ್‌ನೆಟ್‌ನಲ್ಲೇ ನಡೆಯಲಿ. ಅಲ್ಲಿನ ಈಥರ್‌ಗೆ ಬೆಲೆಯಿಲ್ಲ, ಫಾಸೆಟ್ ಎಂಬ ತಾಣಗಳಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ.

ಮೊದಲು ನಿರ್ಧರಿಸಬೇಕಾದದ್ದು ಒಡೆಯರ ಸಂಖ್ಯೆ. ಲ್ಯಾಪ್‌ಟಾಪ್ ಒಂದು, ಫೋನ್ ಒಂದು, ಎರಡೂ ಸಹಿ ಬೇಕು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಏರ್ಪಾಡು. ಆದರೆ ಫೋನ್ ಬಾವಿಗೆ ಬಿದ್ದ ದಿನ ಹಣವೂ ಅದರೊಂದಿಗೆ ಮುಳುಗುತ್ತದೆ, ಏಕೆಂದರೆ ಇಲ್ಲಿ ದೂರು ಹೇಳಿಕೊಳ್ಳಲು ಬ್ಯಾಂಕಿನ ಮ್ಯಾನೇಜರ್ ಇಲ್ಲ. ಆದ್ದರಿಂದ ಮೂರನೆಯ ಕೀಯೊಂದನ್ನು ಸೃಷ್ಟಿಸಿ, ಅದನ್ನು ಮತ್ತೆ ಹುಟ್ಟಿಸಬಲ್ಲ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳನ್ನು ಕಾಗದದಲ್ಲಿ ಬರೆದು ಬೇರೊಂದು ಮನೆಯಲ್ಲಿ ಭದ್ರಪಡಿಸಿ, ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂದು ನಿಯಮ ಮಾಡುವುದು ಕ್ಷೇಮ.

ಫೋನಿನ ಕೀಯನ್ನು ಫೋನಿನಲ್ಲಿರುವ, ಕೀಗಳನ್ನು ಕಾಯುವ ವ್ಯಾಲೆಟ್ ಆ್ಯಪ್‌ನಲ್ಲೇ ಹುಟ್ಟಿಸಬೇಕು. ಅದರ ಪದಗಳನ್ನು ಲ್ಯಾಪ್‌ಟಾಪಿನಲ್ಲಿ ಒಮ್ಮೆ ಟೈಪ್ ಮಾಡಿದರೂ ಎರಡು ಬೀಗ ಒಂದೇ ಬೀಗವಾದಂತೆ. ಲ್ಯಾಪ್‌ಟಾಪಿಗೆ ದಾಟಿಸಬೇಕಾದದ್ದು ಖಾತೆಸಂಖ್ಯೆಯಂತಿರುವ ವಿಳಾಸ ಮಾತ್ರ. ಅದನ್ನು ಕೊನೆಯವರೆಗೂ ಹೋಲಿಸಿ ನೋಡಿ. ಮೊದಲ ಮತ್ತು ಕೊನೆಯ ನಾಲ್ಕು ಅಕ್ಷರಗಳು ಹೊಂದುವಂತಹ ನಕಲಿ ವಿಳಾಸ ತಯಾರಿಸುವುದು ಕಳ್ಳರಿಗೆ ಕಷ್ಟದ ಕೆಲಸವೇನಲ್ಲ.

ಲ್ಯಾಪ್‌ಟಾಪಿನ ಕೀಯನ್ನು ಫೌಂಡ್ರಿ ಉಪಕರಣದ ‘ಕಾಸ್ಟ್’ ಆಜ್ಞೆಯಿಂದ ಪಡೆಯಬಹುದು. ಬಳಿಕ ಪೈಥಾನ್‌ನ ‘ಪಿಪ್’ ಮೂಲಕ ಸೇಫನ್ನು ಟರ್ಮಿನಲ್‌ನಿಂದ ನಡೆಸುವ ‘ಸೇಫ್-ಸಿಎಲ್ಐ’ ಪ್ಯಾಕೇಜನ್ನು ಅನುಸ್ಥಾಪಿಸಿದರೆ, ಖಾತೆ ಹುಟ್ಟಿಸುವ ‘ಸೇಫ್-ಕ್ರಿಯೇಟರ್’ ಕೂಡ ಅದರ ಜೊತೆಗೇ ಬರುತ್ತದೆ. ಇದಕ್ಕೆ ನೋಡ್‌ನ (ಬ್ಲಾಕ್‌ಚೈನ್ ಜಾಲಕ್ಕೆ ಸೇರಿದ ಕಂಪ್ಯೂಟರಿನ) ಕೊಂಡಿ, ವ್ಯವಹಾರ ನಡೆಸಲು ಜಾಲಕ್ಕೆ ತೆರುವ ಗ್ಯಾಸ್ ಶುಲ್ಕ ಕೊಡುವ ಕೀ, ಮೂವರು ಒಡೆಯರ ವಿಳಾಸ ಮತ್ತು ಬೇಕಾದ ಸಹಿಗಳ ಸಂಖ್ಯೆಯನ್ನು ಕೊಡಬೇಕು. ಆ ಸಂಖ್ಯೆಯನ್ನು ನಮೂದಿಸದೆ ಬಿಟ್ಟರೆ ಒಂದೇ ಸಹಿ ಸಾಕೆಂದು ಅದು ತಿಳಿಯುತ್ತದೆ, ಮತ್ತು ಅಲ್ಲಿಗೆ ಇಷ್ಟು ಹೊತ್ತಿನ ಶ್ರಮ ವ್ಯರ್ಥ. ಶುಲ್ಕ ಕೊಡುವವರು ಒಡೆಯರಾಗಿರಬೇಕೆಂದೇನೂ ಇಲ್ಲ. ಫಾಸೆಟ್‌ನಿಂದ ಸ್ವಲ್ಪ ಈಥರ್ ಪಡೆದ, ಬಳಸಿ ಎಸೆಯಬಹುದಾದ ನಾಲ್ಕನೆಯ ಕೀಯೊಂದನ್ನು ಇಲ್ಲಿ ಕೊಡುವುದು ಜಾಣತನ, ಏಕೆಂದರೆ ಆಜ್ಞೆಯ ಜೊತೆ ನೇರವಾಗಿ ಟೈಪ್ ಮಾಡಿದ ಕೀ ಟರ್ಮಿನಲ್‌ನ ಇತಿಹಾಸದಲ್ಲಿ ಉಳಿದುಬಿಡುತ್ತದೆ.

ಹೊಸ ಖಾತೆಯ ವಿಳಾಸ ಕೈಗೆ ಬಂದ ಮೇಲೆ, ಆ ವಿಳಾಸ ಮತ್ತು ನೋಡ್‌ನ ಕೊಂಡಿಯನ್ನು ಕೊಟ್ಟು ‘ಸೇಫ್-ಸಿಎಲ್ಐ’ಯನ್ನು ತೆರೆಯಿರಿ, ‘ಗೆಟ್ ಓನರ್ಸ್’ ಮತ್ತು ‘ಗೆಟ್ ಥ್ರೆಶೋಲ್ಡ್’ ಆಜ್ಞೆಗಳಿಂದ ಒಡೆಯರೂ ಸಹಿಯ ಸಂಖ್ಯೆಯೂ ಸರಿಯಿವೆಯೇ ಎಂದು ಖಚಿತಪಡಿಸಿಕೊಂಡು, ಖಾತೆಗೆ ಸ್ವಲ್ಪ ಟೆಸ್ಟ್ ಈಥರ್ ಕಳಿಸಿ. ಲ್ಯಾಪ್‌ಟಾಪಿನ ಕೀಯನ್ನು ‘ಲೋಡ್ ಸಿಎಲ್ಐ ಓನರ್ಸ್’ ಆಜ್ಞೆಗೆ ಒಪ್ಪಿಸುವಾಗ ಕೀಯನ್ನೇ ಬರೆಯದೆ, ಅದನ್ನು ಇಟ್ಟಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನ (ಟರ್ಮಿನಲ್ ನೆನಪಿಟ್ಟುಕೊಳ್ಳುವ ಹೆಸರುಳ್ಳ ಮೌಲ್ಯ) ಹೆಸರನ್ನು ಕೊಡಬಹುದು. ಕೀಯನ್ನು ತನ್ನೊಳಗೇ ಇಟ್ಟುಕೊಂಡು ಸಹಿ ಹಾಕುವ ಲೆಡ್ಜರ್ ಅಥವಾ ಟ್ರೆಜರ್ ಸಾಧನ ಇದ್ದವರು ಅದನ್ನೇ ಜೋಡಿಸಿದರೆ ಇನ್ನೂ ಒಳ್ಳೆಯದು.

ಈಗ ಕೋರಿಕೆಯನ್ನು ಸೇಫ್‌ನ ಸರ್ವರಿಗೆ ಕಳಿಸುವ ‘ಟಿಎಕ್ಸ್-ಸರ್ವೀಸ್’ ಎಂಬ ಕ್ರಮಕ್ಕೆ ಬದಲಾಯಿಸಿ, ‘ಸೆಂಡ್ ಈಥರ್’ ಆಜ್ಞೆಗೆ ಗುರಿ ವಿಳಾಸವನ್ನೂ ಮೊತ್ತವನ್ನೂ ಕೊಡಿ. ಮೊತ್ತ ಇರುವುದು ವೇಯ್ ಎಂಬ ಕಿರಿಯ ಅಳತೆಯಲ್ಲಿ: 0.01 ಈಥರ್ ಎಂದರೆ 1ರ ಮುಂದೆ ಹದಿನಾರು ಸೊನ್ನೆ. ಸೊನ್ನೆ ಎಣಿಸುವಾಗ ಆತುರ ಬೇಡ. ಲ್ಯಾಪ್‌ಟಾಪಿನ ಒಂದು ಸಹಿಯೊಂದಿಗೆ ಕೋರಿಕೆ ಸೇಫ್‌ನ ಸರ್ವರಿನಲ್ಲಿ ಕಾಯುತ್ತಿರುತ್ತದೆ. ಬ್ಲಾಕ್‌ಚೈನ್‌ನಲ್ಲಿ ಇನ್ನೂ ಏನೂ ನಡೆದಿಲ್ಲ, ಶುಲ್ಕವೂ ಖರ್ಚಾಗಿಲ್ಲ. ಟರ್ಮಿನಲ್ ಮುದ್ರಿಸಿದ ವ್ಯವಹಾರದ ಹ್ಯಾಶನ್ನು, ಅಂದರೆ ಅದರ ವಿವರಗಳಿಂದ ಲೆಕ್ಕಹಾಕಿದ ಬೆರಳಚ್ಚಿನಂತಹ ಸಂಖ್ಯೆಯನ್ನು, ತೆರೆಯ ಮೇಲೆ ಹಾಗೆಯೇ ಬಿಟ್ಟಿರಿ.

ಫೋನಿನ ವ್ಯಾಲೆಟ್ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿ ಸೇಫ್ ತಾಣವನ್ನು ತೆರೆದರೆ ಕೋರಿಕೆ ಕಾಣುತ್ತದೆ. ಲೇಖನದ ಉಳಿದ ಭಾಗವನ್ನು ಮರೆತರೂ ಸರಿ, ಈ ಹೆಜ್ಜೆಯಲ್ಲಿ ಅವಸರಿಸಬೇಡಿ. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 23 ಕೋಟಿಗೂ ಹೆಚ್ಚು ಡಾಲರ್ ಕಳುವಾದದ್ದು ಹಲವರ ಸಹಿ ಬೇಕಿದ್ದ ಇಂತಹುದೇ ಖಾತೆಯಿಂದ; ತೆರೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿಯೇ ಹೇಳಿತು. 2025ರ ಫೆಬ್ರವರಿ 21ರಂದು ಬೈಬಿಟ್ ವಿನಿಮಯ ಕೇಂದ್ರ ಸುಮಾರು 4 ಲಕ್ಷ ಈಥರ್ ಕಳೆದುಕೊಂಡಾಗ, ಕಳ್ಳರು ಬ್ಲಾಕ್‌ಚೈನ್‌ನಲ್ಲಿರುವ ಸೇಫ್‌ನ ಪ್ರೋಗ್ರಾಮನ್ನು (ಕಾಂಟ್ರ್ಯಾಕ್ಟ್) ಒಡೆಯಲಿಲ್ಲ, ಅದರ ವೆಬ್ ಪುಟವನ್ನೇ ತಿದ್ದಿದ್ದರು. ‘ಆಪರೇಶನ್’ ಎಂಬ ಅಂಕಣದಲ್ಲಿ 0 ಇರಬೇಕಾದ ಕಡೆ 1 ಇತ್ತು, ಅಂದರೆ ಹಣದ ವರ್ಗಾವಣೆಯ ವೇಷದಲ್ಲಿ ಖಾತೆಯ ಪ್ರೋಗ್ರಾಮನ್ನೇ ಬದಲಿಸಲು ಒಪ್ಪಿಗೆ ಕೊಟ್ಟಂತಾಗಿತ್ತು. ಆದ್ದರಿಂದ ಗುರಿ ವಿಳಾಸ, ಮೊತ್ತ, ನಾನ್ಸ್ ಎಂಬ ಸರಣಿ ಸಂಖ್ಯೆ, ಆಪರೇಶನ್ ಇವನ್ನು ಓದಿ, ಫೋನ್ ತೋರಿಸುವ ಹ್ಯಾಶ್ ಟರ್ಮಿನಲ್‌ನ ಹ್ಯಾಶ್‌ಗೆ ಹೊಂದಿದರೆ ಮಾತ್ರ ಸಹಿ ಹಾಕಿ. ಬಂದದ್ದಕ್ಕೆಲ್ಲ ‘ಕನ್ಫರ್ಮ್’ ಒತ್ತುವುದಾದರೆ ಫೋನು ಇದ್ದೂ ಇಲ್ಲದಂತೆ.

ಎರಡನೆಯ ಸಹಿ ಬಿದ್ದ ಮೇಲೆ ‘ಎಕ್ಸಿಕ್ಯೂಟ್’ ಮಾಡಿ ಅದನ್ನು ಬ್ಲಾಕ್‌ಚೈನ್‌ಗೆ ಕಳಿಸಬೇಕು. ಇದರ ಗ್ಯಾಸ್ ಶುಲ್ಕವನ್ನು ಕಳಿಸುವವರ ಸಾಮಾನ್ಯ ವಿಳಾಸವೇ ತೆರಬೇಕಾದ್ದರಿಂದ ಫೋನಿನ ಅಥವಾ ಲ್ಯಾಪ್‌ಟಾಪಿನ ವಿಳಾಸದಲ್ಲಿ ಸ್ವಲ್ಪ ಈಥರ್ ಇರಲಿ. ಸ್ಮಾರ್ಟ್ ಖಾತೆ ತುಂಬಿದ್ದರೂ ವ್ಯವಹಾರ ಮುಂದೆ ಸಾಗದೆ ಹೊಸಬರು ಕಂಗಾಲಾಗುವುದು ಇಲ್ಲಿಯೇ. ಕೋರಿಕೆ ಬೇಡವೆನಿಸಿದರೆ ಸುಮ್ಮನೆ ಬಿಟ್ಟರೆ ಸಾಲದು, ಬಿದ್ದ ಸಹಿ ಹಾಗೆಯೇ ಊರ್ಜಿತವಾಗಿರುತ್ತದೆ. ಅದೇ ನಾನ್ಸ್ ಬಳಸಿ, ಖಾತೆಯಿಂದ ಅದೇ ಖಾತೆಗೆ ಸೊನ್ನೆ ಈಥರ್ ಕಳಿಸುವ ವ್ಯವಹಾರವನ್ನು ಪೂರೈಸಿದಾಗ ಹಳೆಯದು ರದ್ದಾಗುತ್ತದೆ.

ನಿಜವಾದ ಹಣ ತರುವ ಮುನ್ನ ಫೋನ್ ಕಳೆದುಹೋದಂತೆ ಒಮ್ಮೆ ನಟಿಸಿ ನೋಡಬೇಕು. ಲ್ಯಾಪ್‌ಟಾಪ್ ಮತ್ತು ಕಾಗದದ ಕೀಗಳ ಸಹಿಯಿಂದ ಮೊದಲು ಹೊಸ ಫೋನಿನ ವಿಳಾಸವನ್ನು ಒಡೆಯರ ಪಟ್ಟಿಗೆ ಸೇರಿಸಿ, ಅದು ಸಹಿ ಹಾಕಬಲ್ಲದೆಂದು ಖಾತ್ರಿಯಾದ ಮೇಲೆ ಹಳೆಯದನ್ನು ತೆಗೆಯಿರಿ. ಹೀಗೆ ಬಳಕೆಯಾದ ಕಾಗದದ ಪದಗಳನ್ನು ಯಾವುದಾದರೂ ಸಾಧನದಲ್ಲಿ ಟೈಪ್ ಮಾಡಲೇಬೇಕಾಗಿದ್ದರಿಂದ, ಅಭ್ಯಾಸದ ಕಾಗದವನ್ನು ಹರಿದುಹಾಕಿ, ನಿಜವಾದ ಹಣದ ಜಾಲವಾದ ಮೇನ್‌ನೆಟ್‌ನ ಖಾತೆಗೆ ಮೂರೂ ಕೀಗಳನ್ನು ಹೊಸದಾಗಿ ಮಾಡಿಕೊಳ್ಳಿ.